ಹುಲ್ಲು ನೆನೆದ ನೀರು

“ಗುರುಗಳೇ, ನನ್ನನ್ನು ಬೇರೆ ಊರಿಗೆ ಕಳುಹಿಸುತ್ತೀರಾ?” ಎಂದು ನಿರುಪಾದಿ ಕೇಳಿದ. ಗುರುಗಳು ಅವನನ್ನು ಒಂದು ಹಳ್ಳಿಗೆ ಪಾಠ ಹೇಳಲು ಕಳುಹಿಸಿದ್ದರು. ಅವನು ಮುಂದುವರಿಸಿದ: “ಅಲ್ಲಿಯ ಜನರ ಹಳೆಯ ರೂಢಿಗಳನ್ನೆಲ್ಲ ಬಿಡಿಸಿದೆ. ಮನಸ್ಸನ್ನು ಚೊಕ್ಕಟ ಮಾಡಿದ ಮೇಲೆಯೇ ಒಳ್ಳೆಯ ಮಾತು ಹೇಳಿದೆ. ಒಂದೂ ಉಳಿಯಲಿಲ್ಲ.”

“ಕೂತುಕೋ” ಎಂದರು ಗುರುಗಳು. “ಮೀನು ಸಾಕಲು ಹೊರಟ ಒಬ್ಬ ಹೆಂಗಸಿನ ಕತೆ ಹೇಳುತ್ತೇನೆ.”

ಆ ಹೆಂಗಸು ಬಲು ಅಚ್ಚುಕಟ್ಟು. ಅವಳ ಮನೆಯ ಕೊಡಗಳು ಸದಾ ಥಳಥಳ ಹೊಳೆಯುತ್ತಿದ್ದವು. ಹಿತ್ತಲಿನಲ್ಲಿ ಹೊಂಡ ತೋಡಿಸಿದಾಗ ಅದನ್ನೂ ಹಾಗೆಯೇ ಇಟ್ಟುಕೊಳ್ಳಬೇಕೆಂದುಕೊಂಡಳು. ತಳ ಗುಡಿಸಿ, ಗೋಡೆ ತಿಕ್ಕಿ, ಬಾವಿಯ ತಿಳಿನೀರು ತುಂಬಿಸಿದಳು. ಆಗತಾನೆ ಮೊಟ್ಟೆಯೊಡೆದ ಮೀನುಮರಿಗಳನ್ನು ತಂದು ಬಿಟ್ಟಳು. ಅವು ಗಾಜಿನ ನೂಲಿನ ತುಂಡುಗಳಂತಿದ್ದವು. ತೌಡನ್ನು ನುಣ್ಣಗೆ ಜರಡಿ ಹಿಡಿದು ಹಾಕಿದಳು. ತೌಡು ತಳ ಸೇರಿತು. ಕೆಲವು ದಿನಗಳಲ್ಲಿ ಮರಿಗಳೂ ತಳ ಸೇರಿದವು.

ನೀರು ಕೊಳೆಯಾಗಿರಬೇಕು ಎಂದುಕೊಂಡಳು. ಹೊಂಡ ಬರಿದು ಮಾಡಿ ಇನ್ನೂ ಗಟ್ಟಿಯಾಗಿ ತಿಕ್ಕಿದಳು. ಹೊಸ ನೀರು ತುಂಬಿಸಿ ಹೊಸ ಮರಿ ಬಿಟ್ಟಳು. ಅವೂ ಸತ್ತವು. ತನ್ನ ಕೈಗುಣವೇ ಸರಿಯಿಲ್ಲವೇನೋ ಎಂಬ ಅಳುಕು ಹುಟ್ಟಿತು. ಎಮ್ಮೆ ಸಾಕಿಕೊಂಡಿದ್ದ ಅವಳ ಗಂಡ ಗದರಲಿಲ್ಲ. “ಹೊಂಡ ಮುಚ್ಚಿಬಿಡೋಣ” ಎಂದಷ್ಟೇ ಹೇಳಿದ. ಕೊನೆಯದಾಗಿ ಒಂದು ಸಲ ನೋಡುತ್ತೇನೆಂದು ಅವಳು ಮತ್ತೆ ಮರಿ ತಂದು ದೊಡ್ಡ ಬಾನಿಯಲ್ಲಿ ಇಟ್ಟುಕೊಂಡಳು. ಹೊಂಡಕ್ಕೆ ಬಿಡಲು ಧೈರ್ಯ ಬರಲಿಲ್ಲ.

ಆ ಮಧ್ಯಾಹ್ನ ಒಬ್ಬ ವ್ಯಾಪಾರಿ ನೀರು ಕೇಳಿಕೊಂಡು ಬಂದ. ಶಾಲೆಗಳಿಗೆ ಸೂಕ್ಷ್ಮದರ್ಶಕ ಮಾರುವವನು. ಅವಳ ಸಪ್ಪೆ ಮುಖ ನೋಡಿ ವಿಚಾರಿಸಿದ. ಎಲ್ಲ ಕೇಳಿದ ಮೇಲೆ ಪೆಟ್ಟಿಗೆ ಬಿಚ್ಚಿ, ಹೊಂಡದ ನೀರಿನ ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ತೋರಿಸಿದ.

“ಏನೂ ಇಲ್ಲವಲ್ಲ, ಅಣ್ಣ.”

“ಮರಿಗಳಿಗೂ ಅಲ್ಲಿ ಏನೂ ಸಿಗಲಿಲ್ಲ, ತಾಯಿ. ಅವುಗಳ ಬಾಯಿಗೆ ತೌಡು ದೊಡ್ಡದಾಯಿತು.”

ಕೊಟ್ಟಿಗೆಯ ಮೂಲೆಯಲ್ಲಿ ಒಂದು ಒಡಕು ತೊಟ್ಟಿಯಿತ್ತು. ಎಮ್ಮೆಯ ಮೇವಿನಿಂದ ಉದುರಿದ ಹುಲ್ಲು ಅದರ ತಳದ ನೀರಿನಲ್ಲಿ ನೆನೆದು ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಚೆಲ್ಲಬೇಕೆಂದು ಅವಳು ಬೆಳಗಿನಿಂದಲೂ ಅಂದುಕೊಳ್ಳುತ್ತಿದ್ದಳು. ವ್ಯಾಪಾರಿ ಅದರ ಒಂದು ತೊಟ್ಟು ತೆಗೆದಿಟ್ಟ.

ಅವಳು ನೋಡಿದಳು, ಥಟ್ಟನೆ ಕಣ್ಣು ತೆಗೆದಳು, ಮತ್ತೆ ನೋಡಿದಳು. ಚಪ್ಪಲಿಯ ಆಕಾರದ ಒಂದು ಜೀವ ಮೈಸುತ್ತಲಿನ ಕೂದಲು ಬೀಸುತ್ತ ಉರುಳಿಕೊಂಡು ಹೋಗುತ್ತಿತ್ತು. ಗಂಟೆಯಂತಹದೊಂದು ದಾರದ ತುದಿಯಲ್ಲಿ ನಿಂತು, ಏನಾದರೂ ತಗುಲಿದರೆ ದಾರವನ್ನು ಸುರುಳಿ ಸುತ್ತಿಕೊಂಡು ಕುಗ್ಗುತ್ತಿತ್ತು. ಮತ್ತೊಂದಕ್ಕೆ ಗೊತ್ತಾದ ಆಕಾರವೇ ಇರಲಿಲ್ಲ. ಎಲೆಯಂತೆ ಹಸಿರಾದದ್ದೊಂದು ಮೀನಿನಂತೆ ಓಡಾಡುತ್ತಿತ್ತು.

“ಈ ಆಕಾರವಿಲ್ಲದ್ದಕ್ಕೆ ಬಾಯಿ ಎಲ್ಲಿ?”

“ತಿನಿಸು ಎಲ್ಲಿ ತಗುಲಿತೋ ಅಲ್ಲಿಯೇ ಬಾಯಿ. ಇವುಗಳಲ್ಲಿ ಒಂದೊಂದಕ್ಕೂ ಇರುವುದು ಒಂದೇ ಜೀವಕೋಶ. ಒಬ್ಬರೇ ಇರುವ ಮನೆಯಂತೆ. ಅಡುಗೆ, ಕಸ, ಕಾವಲು, ಎಲ್ಲ ಅವರದೇ. ಈ ಹಸಿರಿನದು ಮಾತ್ರ ಜಾಣ. ಇದರ ಹಿರಿಯರು ಎಂದೋ ಒಂದು ಹಸಿರು ಜೀವವನ್ನು ನುಂಗಿ, ಅರಗಿಸಿಕೊಳ್ಳದೆ ಬಿಟ್ಟರು. ಅದು ಒಳಗೇ ಉಳಿದು, ಬಿಸಿಲಿನಲ್ಲಿ ಅಡುಗೆ ಮಾಡಿ ಹಾಕುತ್ತ ಬಂದಿದೆ.”

ಅವಳು ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು. “ಇವನ್ನು ತಂದು ಬಿಟ್ಟವರು ಯಾರು?”

“ಯಾರೂ ತರಲಿಲ್ಲ. ನೀರು ಬತ್ತಿದಾಗ ಮುದುಡಿ, ಸುತ್ತಲೂ ಗಟ್ಟಿ ಚಿಪ್ಪು ಕಟ್ಟಿಕೊಂಡು ಹುಲ್ಲಿನಲ್ಲೇ ಉಳಿಯುತ್ತವೆ. ಬಣವೆಯಲ್ಲಿ ಬೇಸಗೆ ಕಳೆದರೂ ಸರಿ, ನೀರು ಸಿಕ್ಕೊಡನೆ ಏಳುತ್ತವೆ.”

ವ್ಯಾಪಾರಿ ಹೋದ ಮೇಲೆ ಅವಳು ತೊಟ್ಟಿಯ ಕಂದು ನೀರನ್ನು ಸೌಟಿನಲ್ಲಿ ತೆಗೆದು ಸ್ವಲ್ಪ ಸ್ವಲ್ಪವಾಗಿ ಬಾನಿಗೆ ಹಾಕಿದಳು. ಆಮೇಲೆ ಬಣವೆಯಿಂದ ಹುಲ್ಲು ಹಿರಿದು ಹೊಂಡದಲ್ಲಿ ಅದ್ದಿದಳು. ಗಂಡ ಬಂದು ನೋಡಿ ನಿಂತುಬಿಟ್ಟ.

“ತಿಕ್ಕಿ ತಿಕ್ಕಿ ಸಾಕಾಯಿತೇನು?”

“ಇಲ್ಲ ರೀ, ಮರಿಗಳಿಗೆ ಊಟಕ್ಕಿಡುತ್ತಿದ್ದೇನೆ.”

ಹೊಂಡದ ನೀರು ಚಹಾದ ಬಣ್ಣಕ್ಕೆ ತಿರುಗಿತು. ಸಣ್ಣಗೆ ವಾಸನೆಯೂ ಬಂತು. ಅದನ್ನು ನೋಡಿದಾಗಲೆಲ್ಲ ಅವಳ ಕೈ ಪೊರಕೆಯ ಕಡೆಗೆ ಹೋಗುತ್ತಿತ್ತು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಬಾನಿಯ ಮರಿಗಳಂತೂ ಸಾಯಲಿಲ್ಲ. ಒಂದು ಬೆಳಿಗ್ಗೆ ಬಗ್ಗಿ ನೋಡಿದರೆ, ಪಾರದರ್ಶಕ ಮೈಯೊಳಗೆ ಒಂದೊಂದರ ಹೊಟ್ಟೆಯೂ ದುಂಡಗೆ ತುಂಬಿರುವುದು ಕಂಡಿತು. ಅವಳು ಗಂಡನನ್ನು ಕೂಗಿ ಕರೆದಳು. ಇಬ್ಬರೂ ಬಾನಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಎಮ್ಮೆ ಕರೆಯುವುದನ್ನೂ ಮರೆತು, ಆ ಹೊಟ್ಟೆಗಳನ್ನೇ ನೋಡಿದರು. ಅಂದೇ ಮರಿಗಳನ್ನು ಹೊಂಡಕ್ಕೆ ಬಿಟ್ಟಳು. ಅಲ್ಲಿ ಅವು ಬೆಳೆದು, ತೌಡು ತಿನ್ನುವಷ್ಟು ದೊಡ್ಡವಾಗಿ, ಕೊನೆಗೆ ಬಲೆ ಎಳೆಯಲು ಇಬ್ಬರ ಕೈ ಸಾಲದಾಯಿತು.

ಕತೆ ಮುಗಿಯಿತು. ನಿರುಪಾದಿಗೆ ಅದು ಹಿಡಿಸಿತ್ತು. ಅವನು ಇನ್ನೂ ನಗುತ್ತಲೇ ಇದ್ದ.

ಗುರುಗಳು ಹೇಳಿದರು: “ನೀನು ಪಾಠ ಹೇಳಿದ ಹಳ್ಳಿಯವರು ಹಾಡಿಕೊಳ್ಳುವ ಒಂದು ಹಾಡು ಹೇಳು, ಕೇಳೋಣ.”

ನಿರುಪಾದಿಗೆ ಒಂದೂ ಗೊತ್ತಿರಲಿಲ್ಲ. ರೂಢಿಗಳನ್ನು ಬಿಡಿಸುವ ಮೊದಲು ಅವನು ಒಂದನ್ನೂ ಕೇಳಿರಲಿಲ್ಲ.