ಮೂರು ದಿನದ ಬೋರ್ಡಿನ ಹಾಗಲಕಾಯಿ

ಯಾವ ಊರಿಗೇ ಹೋಗಿ, ನಗರಸಭೆಯಲ್ಲಿ ಫ್ಯಾನು, ಫೈಲು, ಸಾಹೇಬರು ಎಲ್ಲ ಒಟ್ಟಿಗೆ ತೂಕಡಿಸುವ ಹೊತ್ತೆಂದರೆ ಮಧ್ಯಾಹ್ನ. ಅಂಥ ಹೊತ್ತಿನಲ್ಲೇ ಖಾನಾವಳಿಯ ನಾಗವೇಣಿ ಅರ್ಜಿ ಹಿಡಿದು ಬಂದಳು. ಅಡುಗೆಮನೆಯ ಗೋಡೆ ಕುಸಿದು ನಾಲ್ಕು ದಿನದಿಂದ ಅವಳ ಒಲೆ ಹೊತ್ತಿರಲಿಲ್ಲ. ಬಿದ್ದ ಕಲ್ಲುಮಣ್ಣು ತುಂಬಿ ಸಾಗಿಸಲು ಮನೆ ಮುಂದಿನ ರಸ್ತೆಯಲ್ಲಿ ಮೂರು ದಿನ ಕಬ್ಬಿಣದ ತೊಟ್ಟಿ ಇಡಬೇಕಿತ್ತು. ಅದಕ್ಕೆ ಅನುಮತಿ ಬೇಕು.

ಸಾಹೇಬರು ಅರ್ಧ ಕಣ್ಣು ತೆರೆದರು. “ಮೂರು ದಿನ ಅಂತ ಹೇಳಿ ಮೂರು ವರ್ಷ ಇಡೋ ಮಂದಿ ನೀವು. ರಸ್ತೆ ಏನು ನಿಮ್ಮಪ್ಪನ ಹಿತ್ತಲಾ? ಆಗೂದಿಲ್ಲ, ಹೋಗವ್ವಾ.”

ಮರುದಿನ ಅದೇ ಹೊತ್ತಿಗೆ ಬಂದು ಅವಳು ಮೇಜಿನ ಮೇಲೆ ಒಂದು ಬುಟ್ಟಿ ಹಾಗಲಕಾಯಿ ಇಟ್ಟಳು.

“ಲಂಚ ಕೊಡಾಕ ಬಂದೀಯೇನು?”

“ಇಲ್ರೀ ಸಾಹೇಬ್ರ, ಇದು ನಿಮ್ಮ ಬೆಳೀನ. ನೀವು ನಮ್ಮ ಮನಿ ಮುಂದ ರಸ್ತೆ ಅಗದು, ‘ಮೂರು ದಿನ ರಸ್ತೆ ಬಂದ್’ ಅಂತ ಬೋರ್ಡ್ ಇಟ್ಟಿದ್ರಲ್ಲ? ಎರಡು ವರ್ಷದಾಗ ಅದರ ತುಂಬ ಹಾಗಲ ಬಳ್ಳಿ ಹಬ್ಬೇತ್ರೀ. ಹಳದಿ ಹೂವು, ಪಾತರಗಿತ್ತಿ, ಥೇಟ್ ಕನಸಿನಂಗ ಐತಿ. ಅದರ ಪಕ್ಕಕ್ಕ ತೊಟ್ಟಿ ಇಡ್ತೀನ್ರೀ.”

ಸಾಹೇಬರು ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಫ್ಯಾನು ತೇಲಿದಂತೆ ತಿರುಗುತ್ತಿತ್ತು. ಆಮೇಲೆ ಅರ್ಜಿಗೆ ಸಹಿ ಹಾಕಿ, ಒಂದು ಕಾಯಿ ಎತ್ತಿ ಮೂಸಿ, ಮೆಲ್ಲಗೆ ಕೇಳಿದರು: “ಮುಂದಿನ ವಾರಾನೂ ಕಾಯಿ ಬಿಡ್ತೈತೇನು?”

“ನೀವು ಬೋರ್ಡ್ ತಗೀಲಿಲ್ಲಂದ್ರ ಬಿಡ್ತೈತ್ರೀ.”