ಬೀರನಿಗೆ ಮನೆಯೇ ಶಾಲೆ, ಶಾಲೆಯೇ ಮನೆ

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಹಿಂದೆ ಕೂರಿ. ಕೊರೊನಾ ಬಂದು ಶಾಲೆಗೆಲ್ಲ ಬೀಗ ಬಿದ್ದ ವರ್ಷದ ಕತೆ ಇದು.

ಒಂದೂರಲ್ಲಿ ಮಾರಕ್ಕ ಅಂತ ಒಬ್ಬ ತಾಯಿ. ಅವಳಿಗೆ ಬೀರ ಅಂತ ಒಬ್ಬನೇ ಮಗ. ಒಳ್ಳೇ ಹುಡುಗ, ಮಾತು ಮೀರೋನೇ ಅಲ್ಲ. ಅದೇ ಬಂದ ಕಷ್ಟ! ಹೇಳಿದ್ದನ್ನ ಹೇಳಿದ ಹಾಗೇ ಮಾಡಿಬಿಡೋನು.

ಶಾಲೆ ಮುಚ್ಚಿದ ವಾರವೇ ಮಾರಕ್ಕನ ತಮ್ಮ ಓಬಯ್ಯ ಬಂದ. "ಅಕ್ಕಾ, ಇವನು ಮೊದಲೇ ದಡ್ಡ. ಶಾಲೆ ತೆಗೆಯೋ ಹೊತ್ತಿಗೆ ಎಲ್ಲಾ ಮರೆತಿರ್ತಾನೆ. ದೀಪಾವಳಿಗೆ ಬಂದು ನೋಡ್ತೀನಿ. ಮರೆತಿದ್ರೆ ನಮ್ಮ ಇಟ್ಟಿಗೆ ಗೂಡಿಗೆ ಕರ್ಕೊಂಡು ಹೋಗ್ತೀನಿ" ಅಂದ.

ಮಾರಕ್ಕನಿಗೆ ಮಗ ಓದಬೇಕು ಅನ್ನೋದು ಒಂದೇ ಆಸೆ. ಟೀಚರಮ್ಮನಿಗೆ ಫೋನ್ ಹಚ್ಚಿ ಅತ್ತಳು. ಪುಷ್ಪಲತಾ ಟೀಚರು ಬೀರನ ಕೈಗೆ ಫೋನ್ ಕೊಡಿಸಿ ಹೇಳಿದರು: "ಬೀರಾ, ಮನೆಯನ್ನೇ ಶಾಲೆ ಅಂದ್ಕೋ. ಶಾಲೇಲಿ ಹೆಂಗಿರ್ತಿದ್ಯೋ ಹಂಗೇ ಇರು!"

"ಆಗ್ಲಿ ಟೀಚರ್!"

ಬೆಳಗಾಯಿತು. ಬೀರ ಅಂಗಳದಲ್ಲಿ ಒಬ್ಬನೇ ನಿಂತು ಪ್ರಾರ್ಥನೆ ಹೇಳಿದ. ಮಾರಕ್ಕ ಒಳಗೆ ಬಂದರೆ ಎದ್ದು ನಿಂತು "ನಮಸ್ತೇ ಟೀಚರ್!" ಹೊರಗೆ ಹೋಗಿ ಮತ್ತೆ ಬಂದರೆ ಮತ್ತೆ "ನಮಸ್ತೇ ಟೀಚರ್!" ಮಧ್ಯಾಹ್ನ ತಟ್ಟೆ ಹಿಡಿದು ಒಬ್ಬನೇ ಸಾಲಲ್ಲಿ ನಿಂತ.

"ಕೂತ್ಕೊಂಡು ಉಣ್ಣೋ!"

"ಮುಂದಿನೋರು ಬಡಿಸ್ಕೊಳ್ಳಲಿ ಅವ್ವಾ!"

ಸಂಜೆ ತಟ್ಟೆಯನ್ನೇ ಢಣ್ ಢಣ್ ಬಾರಿಸಿ ಬ್ಯಾಗು ಹೆಗಲಿಗೇರಿಸಿದ. "ಬರ್ತೀನಿ ಟೀಚರ್!"

"ಎಲ್ಲಿಗೋ?"

"ಶಾಲೆ ಬಿಟ್ತಲ್ಲವ್ವಾ! ಮನೆಗೆ!"

ಹೋಗೇಬಿಟ್ಟ. ಮನೆ ಶಾಲೆಯಾದ ಮೇಲೆ ಶಾಲೆಯೇ ಮನೆ ಆಗಬೇಕಲ್ಲ? ಮಾರಕ್ಕ ಹುಡುಕಿಕೊಂಡು ಹೋದಾಗ ಬೀಗ ಹಾಕಿದ ಶಾಲೆಯ ಜಗುಲಿ ಮೇಲೆ ಬ್ಯಾಗು ತಲೆದಿಂಬು ಮಾಡಿಕೊಂಡು ಮಲಗಿದ್ದ. ಕಿವಿ ಹಿಡಿದು ಎಳೆದು ತಂದಳು.

"ಅಯ್ಯೋ ಪೆದ್ದಪ್ಪಾ! ಊರ ದಾರಿಗೆಲ್ಲ ಮುಳ್ಳು ಬಡಿದವ್ರೆ, ಯಾರೂ ಹೊರಗೆ ಬರ್ತಿಲ್ಲ. ಏನಾದ್ರೂ ಆಗ್ಲಿ, ಹೊಸ್ತಿಲು ದಾಟಬೇಡ!"

"ಆಗ್ಲಿ ಅವ್ವಾ!"

ಮಾರನೇ ದಿನ ಮಾರಕ್ಕ ಅಂಗಳದ ತುಂಬ ಅಕ್ಕಿ ಸಂಡಿಗೆ ಇಟ್ಟು, ಎಮ್ಮೆಗೆ ಹುಲ್ಲು ತರಲು ಹೋದಳು. ಪಕ್ಕದ ಮನೆ ಆಡು ಬಂತು. ಒಂದು ಸಾಲು ತಿಂತು, ಎರಡು ಸಾಲು ತಿಂತು. ಬೀರ ಹೊಸ್ತಿಲ ಒಳಗೇ ನಿಂತು ಕೈ ಮುಗಿದ. "ಆಡಮ್ಮಾ, ಸಾಕು ತಾಯಿ! ಅವ್ವನಿಗೊಂಚೂರು ಉಳಿಸು!" ಆಡು ಉಳಿಸಲಿಲ್ಲ, ಸಂಡಿಗೆ ಇಟ್ಟ ಚಾಪೆಯ ಅಂಚನ್ನೂ ಮೆದ್ದುಕೊಂಡು ಹೋಯಿತು.

"ಅಯ್ಯೋ ಪೆದ್ದಪ್ಪಾ! ಬಾಗಿಲಿಗೆ ಬಂದಿದ್ದನ್ನ ಕೋಲು ತಗೊಂಡು ಹೋಯ್ ಹೋಯ್ ಅಂತ ಊರಾಚೆಗೆ ಅಟ್ಟಬೇಕು ಕಣೋ!"

"ಆಗ್ಲಿ ಅವ್ವಾ!"

ಮೂರನೇ ದಿನ ಬಾಗಿಲಿಗೆ ಬಂದದ್ದು ಯಾರು ಹೇಳಿ? ಸಾಕ್ಷಾತ್ ಪುಷ್ಪಲತಾ ಟೀಚರು! ಪಾಪ, ಮಾಸ್ಕ್ ಹಾಕಿಕೊಂಡು, ಮಕ್ಕಳು ಹೇಗಿದ್ದಾರೋ ಅಂತ ಮನೆಮನೆ ನೋಡಿಕೊಂಡು ಬಂದಿದ್ದರು. ಬೀರ ಕೋಲು ತಗೊಂಡ. "ಹೋಯ್ ಹೋಯ್!"

"ಏ ಬೀರಾ, ನಾನು ಕಣೋ! ನಿನ್ನ ಟೀಚರ್!"

"ಗೊತ್ತು ಟೀಚರ್! ಓಡ್ರಿ ಟೀಚರ್! ಹೋಯ್!"

ಟೀಚರು ಓಡಿದರು. ಒಂದು ಚಪ್ಪಲಿ ಅಂಗಳದಲ್ಲಿ ಉಳೀತು. ಮಾರಕ್ಕ ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದಪ್ಪಾ! ಟೀಚರಮ್ಮ ಬಂದ್ರೆ ಜಗುಲಿ ಮೇಲೆ ಕೂರಿಸಿ, ಸೋಪು ಕೊಟ್ಟು ಕೈ ತೊಳಿಸಬೇಕು. ಈ ಕಾಲದಾಗೆ ಹೊರಗಿಂದ ಏನು ಬಂದ್ರೂ ಮೊದಲು ಸೋಪು ಹಚ್ಚಿ ತೊಳೀಬೇಕು!"

"ಆಗ್ಲಿ ಅವ್ವಾ!"

ಟೀಚರು ಅಂದರೆ ಅವರಪ್ಪಾ ಟೀಚರು! ಮತ್ತೆ ಬಂದರು. ರಾತ್ರಿಯೆಲ್ಲ ಕೂತು ಸ್ಕೆಚ್ ಪೆನ್ನಲ್ಲಿ ಬರೆದ ಮಗ್ಗಿಯ ಹಾಳೆಗಳನ್ನ ಜಗುಲಿ ಮೇಲಿಟ್ಟು, "ಕೇರಿ ಮಕ್ಕಳನ್ನ ಕರ್ಕೊಂಡು ಬರ್ತೀನಿ, ನಿಮ್ಮ ಅಂಗಳದಲ್ಲೇ ಪಾಠ" ಅಂತ ಹೋದರು. ಬರೋದರೊಳಗೆ ಬೀರ ಹಾಳೆಗಳಿಗೆ ಸೋಪು ಹಚ್ಚಿ, ತೊಳೆದು, ಹಿಂಡದೆ ಜೋಪಾನವಾಗಿ ಬಟ್ಟೆ ಹಗ್ಗಕ್ಕೆ ಹರವಿದ್ದ. ಅರ್ಧಕ್ಕರ್ಧ ಅಂಕಿಗಳು ನೀಲಿ ನೀರಾಗಿ ತೊಟ್ಟಿಕ್ಕುತ್ತಿದ್ದವು.

ಟೀಚರು ತಲೆ ಮೇಲೆ ಕೈ ಹೊತ್ತರು. ಆಮೇಲೆ ಹಗ್ಗ ನೋಡಿದರು, ಮಕ್ಕಳನ್ನ ನೋಡಿದರು, ಹೊಟ್ಟೆ ಹಿಡಿದು ನಕ್ಕರು. ಹಾಳೆಗೊಬ್ಬ ಹುಡುಗನ ಹಾಗೆ ದೂರದೂರ ನಿಲ್ಲಿಸಿ, "ಅಳಿಸಿಹೋದ ಅಂಕಿ ಯಾವುದು, ಹೇಳಿ!" ಅಂದರು. ಮನೇಲೇ ಕೂತು ಮಂಕಾಗಿದ್ದ ಮಕ್ಕಳು ಕೇರಿ ಹಾರಿಹೋಗೋ ಹಾಗೆ ಕೂಗಿದವು. ಅವತ್ತಿಂದ ಹಗ್ಗದ ಪಾಠ ನಡೀತಾನೇ ಇತ್ತು.

ಆ ಮೊದಲ ದಿನ ಹೊರಡುವಾಗ ಟೀಚರು ಬೀರನಿಗೆ ಹೇಳಿದರು: "ಕಲಿತದ್ದನ್ನ ಎದುರಿಗೆ ಸಿಕ್ಕೋರಿಗೆ ಹೇಳಿಕೊಡು. ಅವರಿಗೆ ಬರೋವರೆಗೂ ಬಿಡಬೇಡ!"

"ಆಗ್ಲಿ ಟೀಚರ್!"

ಎದುರಿಗೆ ಸಿಕ್ಕಿದ್ದು ಎಮ್ಮೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರಲ್ಲ, ನಮ್ಮ ಬೀರ ಎಮ್ಮೆ ಮುಂದೆ ಮಗ್ಗಿ ಬಾರಿಸಿದ. "ಎರಡೊಂದ್ಲ ಎರಡು! ಹೇಳಮ್ಮಾ! ಎರಡೆರಡ್ಲ ನಾಕು!" ಎಮ್ಮೆಗೆ ಬರಲಿಲ್ಲ. ಬರೋವರೆಗೂ ಬಿಡಬಾರದಲ್ಲ! ಬೆಳಗ್ಗೆ ಹೇಳಿದ, ಸಂಜೆ ಹೇಳಿದ. ಆಷಾಢ ಹೋಯಿತು, ಗೌರಿ ಹಬ್ಬ ಹೋಯಿತು. ಎಮ್ಮೆ ಬಾಯಿಗೆ ಮೆಲುಕೇ ಬಂತು. ಬೀರನ ಬಾಯಿಗೆ ಮಗ್ಗಿ ಬಂತು.

ದೀಪಾವಳಿಗೆ ಓಬಯ್ಯ ಬಂದ. "ನಡಿಯೋ ಗೂಡಿಗೆ!"

ಮಾರಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಬೀರ ಮಾವನ ಪಂಚೆ ಹಿಡಿದ. "ಮಾವಾ, ಈಗ ನೀನು ಎದುರಿಗೆ ಸಿಕ್ದೆ. ಹದಿಮೂರೊಂದ್ಲ ಹದಿಮೂರು! ಹದಿಮೂರೇಳ್ಲ ಎಷ್ಟು?"

ಓಬಯ್ಯ ಬೆರಳು ಮಡಚಿದ, ಬಿಚ್ಚಿದ, ಮಾಡು ನೋಡಿದ.

"ತೊಂಬತ್ತೊಂದು ಮಾವಾ! ಬರೋವರೆಗೂ ಬಿಡಂಗಿಲ್ಲ. ಎಮ್ಮೆ ಪಕ್ಕದಾಗೆ ಕೂತ್ಕೋ!"

ಕತ್ತಲಾದರೂ ಬಿಡಲಿಲ್ಲ. ಓಬಯ್ಯ ಪಂಚೆ ಬಿಡಿಸಿಕೊಂಡು ಎದ್ದ. "ಅಕ್ಕಾ, ಇವನೇನೂ ಮರೆತಿಲ್ಲ, ನಾನೇ ಮರೆತಿದೀನಿ! ಗೂಡಿಗೆ ಬಂದ್ರೆ ಇಟ್ಟಿಗೆಗೂ ಮಗ್ಗಿ ಹೇಳ್ಕೊಡ್ತಾನೆ. ಓದ್ಲಿ ಬಿಡು!" ಮಾರಕ್ಕ ಖುಷಿಗೆ ಅಳುತ್ತಾ ಮಗನ ಕೆನ್ನೆ ಸವರಿ ಲಟಕ್ಕಂತ ನೆಟಿಗೆ ಮುರಿದಳು.

ಕೊನೆಗೂ ಶಾಲೆ ತೆರೀತು. ಎಷ್ಟೋ ದಿನದ ಮೇಲೆ ಬಂದ ಮಕ್ಕಳು ಮಾಸ್ಕ್ ಹಾಕಿಕೊಂಡು ಬೆದರಿ ನಿಂತಿದ್ದವು. ಟೀಚರು ಹತ್ತಿರ ಬಂದರು. "ಹೆದರಬೇಡಿ ಮಕ್ಕಳೇ! ಇದೂ ನಿಮ್ಮ ಮನೇನೇ. ಮನೇಲಿ ಹೆಂಗಿರ್ತೀರೋ ಹಂಗೇ ಇರಿ!"

"ಆಗ್ಲಿ ಟೀಚರ್!" ಅಂದವನೇ ಬೀರ ಓಡಿದ. ಎಮ್ಮೆ ಹೊಡೆದುಕೊಂಡು ಬಂದು ಬಾವುಟದ ಕಂಬಕ್ಕೆ ಕಟ್ಟಿದ. ಕರಿಹಲಗೆಯ ಮೊಳೆಗೆ ಅಂಗಿ ನೇತುಹಾಕಿದ. ಚಾಪೆ ಹಾಸಿದ. ಕೇಳಿದ ಮಗ್ಗಿಯನ್ನೆಲ್ಲ ಮಲಗಿಕೊಂಡೇ ತಪ್ಪಿಲ್ಲದೆ ಒಪ್ಪಿಸಿದ!

ಸಂಜೆ ಗಂಟೆ ಹೊಡೀತು. ಮಕ್ಕಳೆಲ್ಲ ಹೋದವು. ಬೀರ ಏಳಲಿಲ್ಲ.

"ಏಳೋ ಬೀರಾ, ಮನೆಗೆ ಹೋಗು!"

"ಇದೇ ಮನೆ ಅಂದ್ರಲ್ಲ ಟೀಚರ್! ಹೊಸ್ತಿಲು ದಾಟಬೇಡ ಅಂತ ಅವ್ವ ಹೇಳವ್ಳೆ." ಬೀರ ಮಗ್ಗುಲು ಬದಲಿಸಿದ. "ಕತ್ತಲಾಯ್ತು, ನೀವು ಹೊರಡ್ರಿ ಟೀಚರ್. ಹೋಗ್ತಾ ಗೇಟು ಹಾಕ್ಕೊಂಡು ಹೋಗ್ರಿ, ಆಡು ನುಗ್ತವೆ!"