ಗಿಳಿಹಸಿರು ಎಮ್ಮೆಗೆ ಬೋರಲಿಂಗನ ಕಾವಲು

ಕೇಳ್ರಪ್ಪಾ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆಯನ್ನ ಕತ್ತೆ ಮೇಯಲಿ. ಜಿಲ್ಲೆಯಲ್ಲಿ ನನ್ನಷ್ಟು ಸತ್ಯವಂತ ಇನ್ನೊಬ್ಬನಿದ್ದರೆ ಅವನು ನನ್ನ ಹತ್ತಿರವೇ ಕಲಿತಿರಬೇಕು. ಇದೆಲ್ಲ ನಡೆಯುವಾಗ ನಾನು ಎಮ್ಮೆಯ ಬಾಲಕ್ಕೇ ಒರಗಿಕೊಂಡು ಕಡಲೆಕಾಯಿ ತಿನ್ನುತ್ತಿದ್ದೆ.

ನಮ್ಮ ಮರಡಿಪುರದ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ನಿಂಗಾಜಮ್ಮ. ಅವಳಿಗೊಬ್ಬನೇ ಮಗ, ಬೋರಲಿಂಗ. ಆಳು ಆನೆಯಂಗಿದ್ದ. ಹೇಳಿದ್ದಕ್ಕಿಂತ ಒಂದು ಚೂರು ಕಮ್ಮಿ ಮಾಡುತ್ತಿರಲಿಲ್ಲ, ಒಂದು ಚೂರು ಜಾಸ್ತಿ ಯೋಚಿಸುತ್ತಿರಲಿಲ್ಲ.

ಒಂದಿನ ಅವಳು, "ಲೋ, ಉಂಡ್ಕೊಂಡ್ ಬತ್ತೀನಿ. ಹೂ ಬಾಡದಂಗೆ ನೀರು ಚಿಮುಕಿಸ್ತಾ ಇರು" ಅಂದಳು.

ಚಿಮುಕಿಸಿದ. ಬುಟ್ಟಿಯ ಹೂವಿಗೆ ಚಿಮುಕಿಸಿದ. ಮೇಷ್ಟ್ರ ಹೆಂಡತಿ ಕೊಂಡು ಮುಡಿದ ಹೂವಿಗೂ ಚಿಮುಕಿಸಿದ. ಆಕೆ ಬಸ್ಸು ಹತ್ತಿದರೆ ತಾನೂ ಹತ್ತಿ, ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಊರಿನ ತನಕ ಚಿಮುಕಿಸಿದ. ಕಂಡಕ್ಟರು ಕತ್ತು ಹಿಡಿದು ಇಳಿಸಿದ.

"ಅಯ್ಯೋ ನನ್ನ ಕರ್ಮವೇ! ಮುಡಿದ ಹೂವಿಗೆ ಯಾಕ್ಲಾ?"

"ಅದೂ ಬಾಡ್ತಿತ್ತು ಕಣವ್ವಾ!"

"ಇನ್ಮೇಲೆ ಯಾರ ತಲೆ ಹತ್ರಕ್ಕೂ ಹೋಗಬ್ಯಾಡ!"

"ಆಯ್ತವ್ವ, ಹೋಗಕಿಲ್ಲ."

ಇವನನ್ನ ಎಲ್ಲಿಗೆ ಹಾಕೋದು ಅಂತ ಅವಳು ತಲೆ ಚಚ್ಚಿಕೊಳ್ಳುತ್ತಿರುವಾಗ ವೈಜಯಂತಿ ಬಂದಳು. ಮೈಸೂರಿನ ಕಲಾವಿದೆ. ಬರೀ ಬಣ್ಣ-ಕುಂಚದವಳಲ್ಲ, ಗುಜರಿ ಕಬ್ಬಿಣ, ಬಲ್ಬು, ಸ್ಪೀಕರು, ವಿಡಿಯೋ, ಎಲ್ಲ ಕೂಡಿಸಿ ಕಲೆ ಮಾಡುವವಳು. ಬಸ್‌ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಅವಳೊಂದು ಎಮ್ಮೆ ನಿಲ್ಲಿಸಿದಳು. ಎಂಥಾ ಎಮ್ಮೆ ಅಂತೀರಿ! ಬೆನ್ನ ಮೇಲೆ ಮಕ್ಕಳು ಕೂರುವುದಕ್ಕೆ ಜಾಗ, ಹಿಂದೆ ಜಾರುಬಂಡೆ, ಕಣ್ಣಿನಲ್ಲಿ ಮಿಟಿಮಿಟಿ ಟೀವಿ. ಕಿವಿ ಹಿಂಡಿದರೆ ಹೊಟ್ಟೆಯೊಳಗಿಂದ ಊರೇ ಮಾತಾಡೋದು. ನಿಂಗಾಜಮ್ಮನ ಹೂವಿನ ಕೂಗು, ಅಜ್ಜಿಯರ ಬೈಗುಳ, ಕಂಡಕ್ಟರುಗಳ ಗದ್ದಲ, ಎಲ್ಲಾನೂ ಅವಳು ಬೀದಿ ಬೀದಿ ಅಲೆದು ಹಿಡಿದು ತುಂಬಿದ್ದಳು.

ನಿಂಗಾಜಮ್ಮ ಮಗನನ್ನ ತಂದು ಅವಳ ಮುಂದೆ ನಿಲ್ಲಿಸಿದಳು. "ತಾಯಿ, ಇವನನ್ನ ಕೆಲಸಕ್ಕೆ ಇಟ್ಕೊ. ಹೇಳಿದ್ದು ಮಾಡ್ತಾನೆ. ಅದೇ ನಮ್ಮ ಕಷ್ಟ."

ವೈಜಯಂತಿ ಗಿಳಿಹಸಿರು ಬಣ್ಣದ ಡಬ್ಬ ಕೊಟ್ಟು, "ಎಮ್ಮೆಗೆ ಬಳಿ" ಅಂತ ಹೇಳಿ ಟೀ ಕುಡಿಯಲಿಕ್ಕೆ ಹೋದಳು. ಬಂದು ನೋಡಿದರೆ ಮೈಯೆಲ್ಲ ಹಸಿರು, ತಲೆ ಮಾತ್ರ ತುಕ್ಕು!

"ತಲೆ ಯಾಕೆ ಬಿಟ್ಟೆಯೋ?"

"ಯಾರ ತಲೆ ಹತ್ರಕ್ಕೂ ಹೋಗಬ್ಯಾಡ ಅಂದವ್ಳೆ ನಮ್ಮವ್ವ, ಅಕ್ಕಾವ್ರೇ."

"ಅಯ್ಯೋ ದೇವರೇ! ಬಣ್ಣ ಹಿಡಿದ ಮೇಲೆ ಒಂದಿಂಚೂ ಬಿಡಬಾರದು ಕಣೋ. ಎಮ್ಮೆ ಹತ್ರ ಏನು ಸಿಕ್ಕಿದರೂ ಬಳಿ!"

ಬಳಿದ. ತಲೆಗೆ ಬಳಿದ. ಕೊಂಬಿಗೆ ಬಳಿದ. ಎಮ್ಮೆಯ ಮೂತಿಗೆ ತಾಗಿಸಿ ಯಾರೋ ಬಿಳಿ ಕಾರು ನಿಲ್ಲಿಸಿದ್ದರು, ಅದಕ್ಕೂ ಬಳಿದ. ಗಾಜಿಗೂ ಬಳಿದ, ನಂಬರ್ ಪ್ಲೇಟಿಗೂ ಬಳಿದ. ಕಾರು ಯಾರದ್ದು? ಪುರಸಭೆ ಅಧ್ಯಕ್ಷ ದೇವೀರಪ್ಪನವರದ್ದು!

ಅಧ್ಯಕ್ಷರು ಕುಣಿದಾಡಿದರು. "ಯಾವನೋ ಅವನು? ಇದೆಂಥಾ ಕಲೆ, ನನ್ನ ತಲೆ! ಬರುವ ಸೋಮವಾರ ಮಂತ್ರಿಗಳು ಬರ್ತಾರೆ. ಈ ಎಮ್ಮೆ ಗುಜರಿಗೆ! ಇಲ್ಲಿ ನಮ್ಮ ಅಪ್ಪಾಜಿ ಪ್ರತಿಮೆ!"

ವೈಜಯಂತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನಿಮ್ಮ ಅಪ್ಪಾಜಿಗೆ ಒಂದೇ ಬಾಯಿ ಸ್ವಾಮಿ, ಅದೂ ಸಿಮೆಂಟಿಂದು. ಇದರೊಳಗೆ ಇಡೀ ಊರಿನ ದನಿ ಇದೆ. ಇದು ಹೋಗಲ್ಲ."

"ಹೋಗತ್ತೆ!"

"ನೋಡೇ ಬಿಡೋಣ!"

ಎಮ್ಮೆ ಉಳಿಸಿಕೊಡಿ ಅಂತ ಕೇಳೋದಕ್ಕೆ ಸೋಮವಾರ ಬೆಳಗ್ಗೆ ಅವಳು ಜಿಲ್ಲಾಧಿಕಾರಿ ಕಚೇರಿಗೆ ಹೊರಟಳು. ಹೊರಡುವ ಮುಂಚೆ ಬೋರಲಿಂಗನಿಗೆ ಬುದ್ಧಿ ಹೇಳಿದಳು. "ಬಂದವರ ಕಾರಿಗೆ ಬಣ್ಣ ಬಳಿಯಬಾರದು ಕಣೋ ಮಾರಾಯ. ಯಾರೇ ಬರಲಿ, ಮರ್ಯಾದೆಯಿಂದ ಎಮ್ಮೆ ಮೇಲೆ ಕೂರಿಸು. ಬೀಳದ ಹಾಗೆ ಭದ್ರ ಮಾಡು."

"ಆಯ್ತು ಅಕ್ಕಾವ್ರೇ. ಕೂರಿಸ್ತೀನಿ, ಭದ್ರ ಮಾಡ್ತೀನಿ."

ಅವಳ ಬಸ್ಸು ಹೋಯಿತು, ಇತ್ತ ಲಾರಿ ಬಂತು, ಹಿಂದೆಯೇ ಕ್ರೇನು. ಲಾರಿಯಲ್ಲಿ ಅಪ್ಪಾಜಿ! ಕಾಲು ಇಳಿಬಿಟ್ಟು ಕೂತ ಭಂಗಿ, ತಲೆಗೆ ಪೇಟ, ಕೆನ್ನೆ ತುಂಬ ಮೀಸೆ. ಶಿಲ್ಪಿಗೆ ಊರುಗೋಲು ಮಾಡಲು ಬಾರದೆ ಕೈಯಲ್ಲಿ ಒನಕೆಯಷ್ಟು ದಪ್ಪದ ದೊಣ್ಣೆಯೊಂದನ್ನ ಇಟ್ಟಿದ್ದ.

ಅಧ್ಯಕ್ಷರಿಗೆ ಅವಸರ. ಕ್ರೇನಿನ ತಿಪ್ಪೇಶಿಗೂ ಬೋರಲಿಂಗನಿಗೂ ಒಟ್ಟಿಗೇ ಕೂಗಿ ಹೇಳಿದರು. "ನಾನು ಮಂತ್ರಿಗಳನ್ನ ಕರ್ಕೊಂಡು ಬರೋದರೊಳಗೆ, ಎಮ್ಮೆ ಇರೋ ಜಾಗದಲ್ಲಿ ಅಪ್ಪಾಜಿ ಕೂತಿರಬೇಕು! ಮೇಲೆ ಬಟ್ಟೆ ಮುಚ್ಚಿರಬೇಕು!"

ಅಧ್ಯಕ್ಷರು ಹೋದ ಮೇಲೆ ತಿಪ್ಪೇಶಿ ತಲೆ ಕೆರೆದುಕೊಂಡ. "ಎಮ್ಮೆ ತೆಗೀಬೇಕಲ್ವೇನ್ಲಾ?"

"ತೆಗೀರಿ ಅಂದ್ರಾ?"

"ಇಲ್ಲ..."

"ಕೂರಿಸಿ ಅಂದ್ರು. ಅಕ್ಕಾವ್ರೂ ಕೂರಿಸು ಅಂದವ್ರೆ. ಇಬ್ರುದೂ ಒಂದೇ ಮಾತು! ಎತ್ತಣ್ಣೋ ಅಪ್ಪಾಜೀನ!"

ತಿಪ್ಪೇಶಿ ಎತ್ತಿದ. ಬೋರಲಿಂಗ ಕೂರಿಸಿದ. ಬೀಳದ ಹಾಗೆ ಕ್ರೇನಿನ ಹಗ್ಗವನ್ನೇ ಅಪ್ಪಾಜಿಯ ಹೆಗಲಿಗೆ ಸುತ್ತಿ ಬಿಗಿದ. ಕಾಲಿಗೆ ಕಬ್ಬಿಣದ ಪಟ್ಟಿ ಹಾಕಿ, ಎಮ್ಮೆಯ ಪಕ್ಕೆಗೆ ಸೇರಿಸಿ ವೈಜಯಂತಿಯ ಮೆಷಿನ್ನಿನಲ್ಲೇ ಚಟಚಟ ವೆಲ್ಡಿಂಗ್ ಹೊಡೆದ. ಶಾಮಿಯಾನದ ಬಟ್ಟೆ ತಂದು ಹೊದಿಸಿದ. ಬಟ್ಟೆ ಎಳೆಯುವ ರಿಬ್ಬನ್ನಿನ ಇನ್ನೊಂದು ತುದಿ ಎಲ್ಲಿಗೆ ಕಟ್ಟೋದು? ಎಮ್ಮೆಯ ಕಿವಿ ಕೈಗೆ ಸಿಕ್ಕಿತು. ಅಲ್ಲಿಗೆ ಕಟ್ಟಿದ.

ಮಂತ್ರಿಗಳು ಬಂದರು. ಓಲಗ ಬಂತು, ಹಾರ ಬಂತು. ಅಧ್ಯಕ್ಷರು ಬಟ್ಟೆ ಮುಚ್ಚಿದ ಗುಡ್ಡ ನೋಡಿ ಕಣ್ಣೊರೆಸಿಕೊಂಡರು. "ಅಪ್ಪಾಜಿ ಇಷ್ಟು ದೊಡ್ಡದಾಗಿ ಬಂದಿದಾರಾ!"

ಮಂತ್ರಿಗಳು ರಿಬ್ಬನ್ ಎಳೆದರು. ಬಟ್ಟೆ ಜಾರಿತು.

ಓಲಗ ನಿಂತಿತು. ಚಪ್ಪಾಳೆಗೆ ಎತ್ತಿದ ಕೈಗಳು ಅಲ್ಲಲ್ಲೇ ನಿಂತವು. ಎದುರಿಗೆ ಎಮ್ಮೆ. ಎಮ್ಮೆಯ ಮೇಲೆ ದಪ್ಪ ಮೀಸೆ. ಕೈಯಲ್ಲಿ ಗದೆ. ಹೆಗಲಲ್ಲಿ ಹಗ್ಗ. ಸಾಕ್ಷಾತ್ ಯಮಧರ್ಮರಾಯ!

ರಿಬ್ಬನ್ ಎಳೆದ ರಭಸಕ್ಕೆ ಎಮ್ಮೆಯ ಕಿವಿಯೂ ಹಿಂಡಿದಂಗಾಗಿತ್ತು ನೋಡಿ. ಅದು ಕಣ್ಣು ಮಿಟುಕಿಸಿ, ಕಂಡಕ್ಟರನ ದನಿಯಲ್ಲಿ, ಸೀದಾ ಮಂತ್ರಿಗಳ ಮುಖಕ್ಕೇ ಕೂಗಿತು: "ಯಾರ್ರೀ ಹತ್ತೋರು! ಬೇಗ ಹತ್ತಿ ಸಾರ್, ಇನ್ನೊಂದೇ ಸೀಟು!"

ಮಂತ್ರಿಗಳು ಹತ್ತಲಿಲ್ಲ. ಹಾರ ತೆಗೆದು ಪಿ.ಎ. ಕೊರಳಿಗೆ ಹಾಕಿ, ನಿಧಾನವಾಗಿ ಕಾರಿನ ಕಡೆ ನಡೆದರು.

"ಇಳಿಸ್ರೋ! ಮೊದಲು ಎಮ್ಮೆ ಕೀಳ್ರೋ!" ಅಧ್ಯಕ್ಷರು ಬಡಕೊಂಡರು.

ತಿಪ್ಪೇಶಿ ಕ್ರೇನಿನಿಂದ ಇಳಿದು ಕೈಮುಗಿದ. "ನಾನು ಮಕ್ಕಳೊಂದಿಗ ಸ್ವಾಮಿ. ಕೂರಿಸುವಾಗ ಅದು ಎಮ್ಮೆ ಆಗಿತ್ತು. ಈಗ ಅವರ ವಾಹನ ಆಗೋಗಿದೆ. ನಾ ಕೊಕ್ಕೆ ಹಾಕಲ್ಲ."

"ನೀನು ಹಾಕೋ!" ಅಂತ ಅಧ್ಯಕ್ಷರು ಲಾರಿ ಡ್ರೈವರನ ಕಡೆ ತಿರುಗಿದರು.

"ನಂಗಿನ್ನೂ ಮದ್ವೇನೇ ಆಗಿಲ್ಲ ಸಾರ್."

ಯಾರೂ ಮುಟ್ಟಲಿಲ್ಲ. ಅಷ್ಟರಲ್ಲಿ ವೈಜಯಂತಿ ಬಸ್ಸಿಳಿದಳು. ಜಿಲ್ಲಾಧಿಕಾರಿ ಸಿಕ್ಕಿರಲಿಲ್ಲ, ಮುಖ ಬಾಡಿತ್ತು. ಎಮ್ಮೆ ನೋಡಿದಳು, ಅಪ್ಪಾಜಿ ನೋಡಿದಳು. ನಕ್ಕು ನಕ್ಕು ರಸ್ತೆಯಲ್ಲೇ ಕೂತಳು. ಆಮೇಲೆ ಎದ್ದು ಗ್ಯಾಸ್ ಕಟರ್ ತಂದು ಅಧ್ಯಕ್ಷರ ಕೈಗೇ ಕೊಟ್ಟಳು.

"ತಗೊಳ್ಳಿ. ಎಮ್ಮೆ ಬೇಡ ಅಂದ್ರೆ ನೀವೇ ಕತ್ತರಿಸಿ. ಬೆಸುಗೆ ಗಟ್ಟಿಯಾಗಿದೆ, ಮೊದಲು ಅಪ್ಪಾಜಿ ಕಾಲು ಕತ್ತರಿಸಬೇಕಾಗತ್ತೆ. ಶುರು ಮಾಡಿ!"

ಊರೆಲ್ಲ ನೋಡುತ್ತಿತ್ತು. ಹೆತ್ತಪ್ಪನ ಕಾಲು! ಅಧ್ಯಕ್ಷರು ಕಟರನ್ನ ನೆಲಕ್ಕಿಟ್ಟರು. ನಿಂಗಾಜಮ್ಮ ಹೂವಿನ ಬುಟ್ಟಿಯನ್ನೇ ಎತ್ತಿ ಎಮ್ಮೆಯ ಕೊಂಬಿಗೆ ಸುರಿದಳು. "ಕಿತ್ತು ನೋಡ್ರಲಾ ಈಗ!" ಅಂತ ಜನ ಕೇಕೆ ಹಾಕಿದರು. ಎಮ್ಮೆ ಇವತ್ತಿಗೂ ಅಲ್ಲೇ ಇದೆ. ಅಪ್ಪಾಜಿಯೂ ಇದ್ದಾರೆ, ಮಕ್ಕಳು ಅವರ ಮೀಸೆ ಹಿಡಿದುಕೊಂಡೇ ಜಾರುಬಂಡೆಗೆ ಹತ್ತೋದು.

ಅಧ್ಯಕ್ಷರ ಸಿಟ್ಟು ಮಾತ್ರ ಬೋರಲಿಂಗನ ಮೇಲೆ ತಿರುಗಿತು. "ಪೆದ್ದ ಮುಂಡೇದೇ! ನನ್ನ ಕಣ್ಣೆದುರಿಗೆ ನಿಲ್ಲಬೇಡ!"

"ಆಯ್ತು ಬುದ್ಧೀ" ಅಂದವನೇ ಬೋರಲಿಂಗ ಅವರ ಬೆನ್ನ ಹಿಂದೆ ಹೋಗಿ ನಿಂತ. ಅವರು ತಿರುಗಿದರೆ ಇವನೂ ತಿರುಗಿದ. ಮನೆಗೆ ಹೋದರೆ ಹಿಂದೆ, ಸಭೆಗೆ ಹೋದರೆ ಹಿಂದೆ. ಈಗ ಚುನಾವಣೆ ಪ್ರಚಾರಕ್ಕೆ ಹೋದರೂ ಹಿಂದೆಯೇ. ಹಿಂದೆ ಇವನನ್ನ ಕಂಡ ಜನ ಅಧ್ಯಕ್ಷರಿಗೇ, "ಓ, ಎಮ್ಮೆಯವರು ಬಂದ್ರು!" ಅಂತಾರೆ.

ಎಲ್ಲಾ ನಿಜ ಕಣ್ರಪ್ಪಾ. ಒಂದೇ ಒಂದು ಸಣ್ಣ ವಿಷಯ ನಾನು ಕಟ್ಟಿ ಹೇಳಿದೆ, ಮರ್ಯಾದೆಗೆ. ಮಂತ್ರಿಗಳು ಕಾರಿನ ಕಡೆ ನಿಧಾನವಾಗಿ ನಡೆದರು ಅಂದೆನಲ್ಲ? ನಡೆಯಲಿಲ್ಲ.